ಫಿನ್ನಿಶ್ ವಿಭಕ್ತಿ ಕಲಿಯುವವರಿಗೆ: 15ರ ಪಟ್ಟಿ ಬದಿಗಿಡಿ, ಈ ಕ್ರಮದಲ್ಲಿ ಹೋಗಿ

ಫಿನ್ನಿಶ್ ಕಲಿಯಲು ಕೂತವರು ಮೊದಲ ವಾರವೇ ಒಂದು ಪಟ್ಟಿ ತೆಗೆಯುತ್ತಾರೆ. ಹದಿನೈದು ವಿಭಕ್ತಿ, ಹದಿನೈದು ಹೆಸರು, ಪಕ್ಕದಲ್ಲಿ 'ಮನೆ' ಎಂಬ ಒಂದೇ ಪದದ ಹದಿನೈದು ರೂಪ. ಅದನ್ನು ಗೋಡೆಗೆ ಅಂಟಿಸಿ ಬಾಯಿಪಾಠ ಮಾಡುತ್ತಾರೆ. ಮೂರನೇ ವಾರ ಅಂಗಡಿಗೆ ಹೋಗಿ 'ಎರಡು ಕಾಫಿ' ಎನ್ನಲು ಬಾಯಿ ಬರುವುದಿಲ್ಲ.

ತಪ್ಪು ನೆನಪಿನ ಶಕ್ತಿಯದ್ದಲ್ಲ, ಕ್ರಮದ್ದು. ವಿಭಕ್ತಿ ಪ್ರತ್ಯಯ ಕಲಿಯುವುದು ಸುಲಭ. ಪ್ರತ್ಯಯ ಅಂಟುವ ಮೊದಲು ಪದ ತಾನೇ ಹೇಗೆ ಬದಲಾಗುತ್ತದೆ ಅನ್ನುವುದು ಕಷ್ಟ. ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ, ಯಾಕೆಂದರೆ ಪಟ್ಟಿಗೆಂದು ಆರಿಸುವ 'ತಲೊ' (ಮನೆ) ಯಾವ ಬದಲಾವಣೆಯೂ ಆಗದ ಸಾಧು ಪದ.

ಇನ್ನೊಂದು ಮಾತು. ನಿಮ್ಮ ಕೋರ್ಸು ಇಂಗ್ಲಿಷಿನಲ್ಲಿರಬಹುದು. ಆದರೂ ತಲೆಯೊಳಗೆ ಕನ್ನಡದಿಂದ ನೇರ ಫಿನ್ನಿಶ್‌ಗೆ ಹೋಗಿ. ಇಂಗ್ಲಿಷಿನವರು ಪದಕ್ಕೆ ಮೊದಲು ಇಡುವುದನ್ನು ಫಿನ್ನಿಶ್‌ನವರೂ ನಾವೂ ಪದದ ಕೊನೆಗೆ ಅಂಟಿಸುತ್ತೇವೆ.

## ಬೇಕಾಗುವ ಸಾಮಾನು

ಒಂದು ನೋಟ್‌ಬುಕ್ಕು. ಪ್ರತಿ ಪುಟಕ್ಕೆ ನಾಲ್ಕು ಕಾಲಂ ಹಾಕಿ: ಮೂಲ ಪದ, 'ಇನ' ರೂಪ (ಷಷ್ಠಿ: ಊರಿನ, ಮನೆಯ), ಪಾರ್ಟಿಟಿವ್ ರೂಪ ('ಎರಡು ಕಾಫಿ', 'ಒಂದಷ್ಟು ಹಾಲು' ಅನ್ನುವಾಗ ಬೇಕಾಗುವುದು, ಹಂತ 6 ನೋಡಿ), 'ಒಳಗೆ ಹೋಗುವ' ರೂಪ (ಮನೆಗೆ, ಅಂಗಡಿಗೆ). ಹೊಸ ಪದ ಸಿಕ್ಕಾಗಲೆಲ್ಲ ನಾಲ್ಕನ್ನೂ ತುಂಬಬೇಕು. ಈ ನಾಲ್ಕು ಗೊತ್ತಿದ್ದರೆ ಏಕವಚನದ ಉಳಿದ ರೂಪಗಳು ತಾವಾಗಿ ಬರುತ್ತವೆ.

ಒಂದು ನಿಘಂಟು. 'ಕಿಯೆಲಿತೊಯ್ಮಿಸ್ತೊನ್ ಸನಕಿರ್ಯ' ಆನ್‌ಲೈನಿನಲ್ಲಿ ಉಚಿತವಾಗಿದೆ. ಪೂರ್ತಿ ರೂಪಗಳ ಕೋಷ್ಟಕ ಬೇಕಾದರೆ ವಿಕ್ಷನರಿ ನೋಡಿ. ಅನುವಾದದ ಆ್ಯಪ್ ಮಾತ್ರ ಸಾಲದು. ಅದು ಉತ್ತರ ಕೊಡುತ್ತದೆ, ಪದ ಯಾಕೆ ಹಾಗಾಯಿತು ಎಂದು ಹೇಳುವುದಿಲ್ಲ.

ಇಲ್ಲಿ ಫಿನ್ನಿಶ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎರಡು ಚುಕ್ಕೆ ಹೊತ್ತ 'ಅ' ಅಕ್ಷರ 'ಬ್ಯಾಟ್' ಅನ್ನುವಾಗಿನ ಸ್ವರ. ಅದನ್ನು 'ಸ್ಯಾ', 'ತ್ಯಾ' ಎಂದು ಬರೆದರೂ ಹ್ರಸ್ವವಾಗಿ, ನಡುವೆ ಯಕಾರ ತರದೆ ಹೇಳಿ.

## ಹಂತ 1: ಉದ್ದ ಗಿಡ್ಡ ಮತ್ತು ಸ್ವರಗಳ ಜೋಡಿ

ಫಿನ್ನಿಶ್‌ನಲ್ಲಿ ಹ್ರಸ್ವ, ದೀರ್ಘ, ಒತ್ತಕ್ಷರ ಅರ್ಥ ಬದಲಿಸುತ್ತವೆ. 'ಕುಕ' ಅಂದರೆ ಯಾರು, 'ಕುಕ್ಕ' ಅಂದರೆ ಹೂವು. 'ತಪಾನ್' ಅಂದರೆ ಭೇಟಿಯಾಗುತ್ತೇನೆ, 'ತಪನ್' ಅಂದರೆ ಕೊಲ್ಲುತ್ತೇನೆ. ನಾಳೆ ಸಿಗುತ್ತೇನೆ ಅನ್ನುವಾಗ ಇದು ನೆನಪಿರಲಿ! ಕನ್ನಡದವರಿಗೆ ಕಿವಿ ಮೊದಲೇ ಪಳಗಿದೆ, ಹಾಗಾಗಿ ಇಲ್ಲಿ ಜಾಸ್ತಿ ದಿನ ಕಳೆಯಬೇಡಿ.

ಎರಡನೆಯದು ಸ್ವರಗಳ ಗುಂಪು. ಪದದಲ್ಲಿ ಅ, ಒ, ಉ ಇದ್ದರೆ ಪ್ರತ್ಯಯದಲ್ಲೂ 'ಅ': ತಲೊಸ್ಸ (ಮನೆಯಲ್ಲಿ). ಚುಕ್ಕೆಯ ಸ್ವರಗಳಿದ್ದರೆ ಪ್ರತ್ಯಯಕ್ಕೂ ಚುಕ್ಕೆ. ಬರೀ ಎ, ಇ ಇದ್ದರೂ ಚುಕ್ಕೆಯೇ: ಹೆಲ್ಸಿಂಗಿಸ್ಸ್ಯಾ (ಹೆಲ್ಸಿಂಕಿಯಲ್ಲಿ). 'ಸ್ಸ' ಮತ್ತು 'ಸ್ಸ್ಯಾ' ಎರಡು ಬೇರೆ ಪ್ರತ್ಯಯ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ, ಕಲಿಯುವ ಕೆಲಸ ಸುಮ್ನೆ ಎರಡರಷ್ಟಾಗುತ್ತದೆ.

## ಹಂತ 2: ಮೊದಲು 'ಇನ', ಆಮೇಲೆ ಉಳಿದದ್ದು

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಕನ್ನಡದಲ್ಲಿ ನಾವು 'ಮರಲ್ಲಿ' ಅನ್ನುವುದಿಲ್ಲ. ಮರ, ಮರದ, ಮರದಲ್ಲಿ, ಮರದಿಂದ. ಊರು, ಊರಿನ, ಊರಿನಲ್ಲಿ, ಊರಿನಿಂದ. ಷಷ್ಠೀ ರೂಪದಲ್ಲಿ ಪದ ಹೇಗೆ ಬದಲಾಯಿತೋ ಅದೇ ಆಕಾರದ ಮೇಲೆ ಮುಂದಿನ ಪ್ರತ್ಯಯ ಕೂರುತ್ತದೆ. ಫಿನ್ನಿಶ್‌ನಲ್ಲೂ ಹೀಗೇ. ಅಲ್ಲಿ ಷಷ್ಠಿಯ ಗುರುತು 'ನ್'. ಅದನ್ನು ತೆಗೆದು ಬೇರೆ ಪ್ರತ್ಯಯ ಹಚ್ಚಿ.

'ಕೌಪ್ಪ' (ಅಂಗಡಿ) ತೆಗೆದುಕೊಳ್ಳಿ. ಇನ ರೂಪ 'ಕೌಪನ್'. ಒಂದು 'ಪ' ಉದುರಿದ್ದು ಗಮನಿಸಿದಿರಾ? ಈಗ ನ್ ತೆಗೆಯಿರಿ: ಕೌಪ. ಕೌಪಸ್ಸ (ಅಂಗಡಿಯಲ್ಲಿ), ಕೌಪಸ್ತ (ಅಂಗಡಿಯಿಂದ).

ಇನ್ನು 'ಅಂಗಡಿಗೆ'. ಅಲ್ಲಿ ಮಾತ್ರ ಉದುರಿದ ಪ ವಾಪಸ್ ಬರುತ್ತದೆ: ಕೌಪ್ಪಾನ್. ಅಯ್ಯೋ ಇದೇನಿದು ಅನ್ನಬೇಡಿ. ಮರದ, ಮರದಲ್ಲಿ, ಮರದಿಂದ ಎಂದವರು ನಾವು 'ಮರದಕ್ಕೆ' ಅನ್ನುತ್ತೇವಾ? ಮರಕ್ಕೆ ಅನ್ನುತ್ತೇವೆ. ನಮ್ಮಲ್ಲೂ ಚತುರ್ಥಿ ಗುಂಪಿಗೆ ಸೇರುವುದಿಲ್ಲ. ಅದಕ್ಕೇ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಪ್ರತ್ಯೇಕ ಕಾಲಂ.

ಈ ಹಂತದಲ್ಲಿ ಐವತ್ತು ಪದಗಳಿಗೆ ಬರೀ ಇನ ರೂಪ ಬರೆಯಿರಿ. ಅಭ್ಯಾಸಕ್ಕೆ ಬೀದಿಯೇ ಸಾಕು. ಹೆಲ್ಸಿಂಕಿಯ ದೊಡ್ಡ ಪತ್ರಿಕೆಯ ಹೆಸರು 'ಹೆಲ್ಸಿಂಗಿನ್ ಸನೊಮತ್'. ನಗರದ ಮುಖ್ಯ ರಸ್ತೆ 'ಮನ್ನೆರ್ಹೆಯ್ಮಿನ್‌ತಿಯೆ', ಅಂದರೆ ಮನ್ನೆರ್ಹೆಯ್ಮ್‌ನ ರಸ್ತೆ. ಎಲ್ಲ ಕಡೆ ಆ ನ್ ಕಾಣುತ್ತದೆ.

ಮೂರು ಜಾತಿಯ ಪದಗಳು ಜಾಸ್ತಿ ಕೈಕೊಡುತ್ತವೆ.

'ನೆನ್' ಎಂದು ಮುಗಿಯುವವು 'ಸೆ' ಆಗುತ್ತವೆ: ನೈನೆನ್ (ಹೆಂಗಸು), ನೈಸೆನ್.

'ಎ' ಎಂದು ಮುಗಿಯುವವು ಉದ್ದವಾಗುತ್ತವೆ: ಹುವೊನೆ (ಕೋಣೆ), ಹುವೊನೇನ್.

'ಇ' ಎಂದು ಮುಗಿಯುವುದರಲ್ಲಿ ಎರಡು ಬಗೆ. ಹಳೆಯ ಪದಗಳಲ್ಲಿ ಇ ಹೋಗಿ ಎ ಬರುತ್ತದೆ: ಸುವೊಮಿ (ಫಿನ್‌ಲ್ಯಾಂಡ್), ಸುವೊಮೆನ್. 'ವೆಸಿ' (ನೀರು) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ವೆದೆನ್' ಆಗುತ್ತದೆ. ಹೊರಗಿನಿಂದ ಬಂದ ಹೊಸ ಪದಗಳಲ್ಲಿ ಇ ಹಾಗೇ ಉಳಿಯುತ್ತದೆ: ಬುಸ್ಸಿ, ಬುಸ್ಸಿನ್. ನಾವು ಬಸ್ಸಿಗೆ 'ಉ' ಹಚ್ಚಿ ನಮ್ಮದು ಮಾಡಿಕೊಂಡೆವು, ಅವರು 'ಇ' ಹಚ್ಚಿಕೊಂಡರು. ಧಾರವಾಡದಂಥ ಹೆಸರು ವ್ಯಂಜನದಲ್ಲಿ ನಿಂತರೂ ಅದೇ ಇ ಬರುತ್ತದೆ: ಧಾರ್ವಾಡಿಸ್ಸ.

ಇನ ರೂಪ ಬಂದ ಕೂಡಲೇ ಒಂದು ಬೋನಸ್ಸು ಇದೆ. ಮನೆಯ ಹಿಂದೆ: ತಲೊನ್ ತಕನ. ಮಗುವಿನ ಜೊತೆ: ಲಪ್ಸೆನ್ ಕನ್ಸ್ಸ. ಪದದಿಂದ ಪದಕ್ಕೆ ನಮ್ಮದೇ ವಾಕ್ಯ.

## ಹಂತ 3: ವ್ಯಂಜನ ಸಡಿಲವಾಗುವುದು

ಮೇಲೆ ಕೌಪ್ಪದ ಪ ಉದುರಿತಲ್ಲ, ಅದಕ್ಕೊಂದು ಲೆಕ್ಕ ಇದೆ. ಪದದ ಕೊನೆಯಲ್ಲಿರುವ ಕ, ಪ, ತ ಗಳಿಗೆ ಇದು ಅನ್ವಯಿಸುತ್ತದೆ. ಅವುಗಳ ನಂತರದ ಹ್ರಸ್ವ ಸ್ವರ ವ್ಯಂಜನದಿಂದ ಮುಚ್ಚಿಕೊಂಡರೆ (ನ್ ಬಂದರೆ, ಸ್ಸ ಬಂದರೆ, ಲ್ಲ ಬಂದರೆ) ಅವು ಸಡಿಲವಾಗುತ್ತವೆ.

ಒತ್ತಕ್ಷರ ಇದ್ದರೆ ಒಂಟಿಯಾಗುತ್ತದೆ: ಪಂಕ್ಕಿ (ಬ್ಯಾಂಕು), ಪಂಕಿನ್. ಒಂಟಿ 'ತ' ಇದ್ದರೆ 'ದ': ಕತು (ಬೀದಿ), ಕದುನ್. ಒಂಟಿ 'ಪ' ಇದ್ದರೆ 'ವ'. ಒಂಟಿ 'ಕ' ಸಾಮಾನ್ಯವಾಗಿ ಮಾಯ: ತುರ್ಕು ಎಂಬ ಊರು ತುರುನ್ ಆಗುತ್ತದೆ. 'ಂಕ' ಇದ್ದರೆ 'ಂಗ': ಹೆಲ್ಸಿಂಕಿ, ಹೆಲ್ಸಿಂಗಿನ್. 'ನ್ತ' ಇದ್ದರೆ 'ನ್ನ': ರಂತ (ದಡ), ರನ್ನನ್.

ನಿಯಮ ಬಾಯಿಪಾಠ ಮಾಡಬೇಡಿ. ಒಂದೊಂದು ಬಗೆಗೆ ಒಂದು ಊರಿನ ಹೆಸರೋ ಅಂಗಡಿಯೋ ಹಿಡಿದುಕೊಳ್ಳಿ, ಉಳಿದದ್ದು ಅದರ ಜಾಡಿನಲ್ಲಿ ಬರುತ್ತದೆ.

ಎಚ್ಚರಿಕೆ: 'ಎ' ಎಂದು ಮುಗಿಯುವ ಪದಗಳಲ್ಲಿ ಇದು ತಿರುಗುಮುರುಗು. 'ಲೀಕೆ' (ಮಳಿಗೆ) ಇನ ರೂಪದಲ್ಲಿ 'ಲೀಕ್ಕೇನ್'. ಸಡಿಲವಿದ್ದದ್ದು ಬಿಗಿಯಾಗುತ್ತದೆ. ನಿಘಂಟಿನಲ್ಲಿ 'ಲೀಕ್ಕೆ' ಹುಡುಕಿ ಸಿಗದೆ ಪರದಾಡಿದ್ದರೆ ಕಾರಣ ಇದೇ.

## ಹಂತ 4: ಅಲ್ಲಿ, ಇಂದ, ಗೆ (ಒಳಗಿನ ಮೂರು)

ಈಗ ಪ್ರತ್ಯಯಗಳ ಸರದಿ. 'ಸ್ಸ' ಅಂದರೆ ಅಲ್ಲಿ, 'ಸ್ತ' ಅಂದರೆ ಇಂದ. ಇಂತಿಯಸ್ಸ (ಭಾರತದಲ್ಲಿ), ಇಂತಿಯಸ್ತ (ಭಾರತದಿಂದ). ಇವೆರಡರಲ್ಲಿ ಎಡವುವವರು ಕಮ್ಮಿ.

ಒಳಗೆ ಹೋಗುವ ರೂಪಕ್ಕೆ ಮೂರು ವೇಷ. ಹ್ರಸ್ವ ಸ್ವರ ಇದ್ದರೆ ಅದನ್ನೇ ಎಳೆದು ನ್ ಹಚ್ಚಿ: ಇಂತಿಯಾನ್, ತುರ್ಕೂನ್, ಹೆಲ್ಸಿಂಕೀನ್. ಒಂದೇ ಸಿಲಬಲ್ಲಿನ ಪದವಾದರೆ ನಡುವೆ 'ಹ' ಬರುತ್ತದೆ: ಮಾ (ನೆಲ, ದೇಶ), ಮಾಹನ್. ಉದ್ದ ಪದ ದೀರ್ಘ ಸ್ವರದಲ್ಲಿ ನಿಂತರೆ 'ಸೇನ್': ಎಸ್ಪೋ, ಎಸ್ಪೋಸೇನ್. ಕೋಣೆಯೊಳಗೆ: ಹುವೊನೇಸೇನ್. ಇಲ್ಲಿ ಸ್ವರ ಎಳೆಯದಿದ್ದರೆ ಕೇಳುವವರಿಗೆ ಇನ ರೂಪದ ಹಾಗೆ ಕೇಳುತ್ತದೆ. ತಲೊನ್ ಅಂದರೆ ಮನೆಯ, ತಲೋನ್ ಅಂದರೆ ಮನೆಗೆ.

'ಮನೆ' ಅನ್ನುವಾಗ ನಾವು ನಮ್ಮ ಮನೆ ಎಂದುಕೊಂಡಿದ್ದರೆ ಪದ ಬೇರೆ: 'ಕೊತಿ'. ಅದರ ರೂಪಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಕೊತೊನ (ಮನೆಯಲ್ಲಿ), ಕೊತೊಅ (ಮನೆಯಿಂದ), ಕೊತೀನ್ (ಮನೆಗೆ). ದಿನಕ್ಕೆ ಹತ್ತು ಸಲ ಬೇಕಾಗುವ ಪದ, ಹಾಗೇ ಉರು ಹೊಡೆಯಿರಿ.

## ಹಂತ 5: ಮೇಲಿನ ಮೂರು: ಲ್ಲ, ಲ್ತ, ಲ್ಲೆ

'ಲ್ಲ' ಅಂದರೆ ಮೇಲೆ, 'ಲ್ತ' ಅಂದರೆ ಮೇಲಿಂದ, 'ಲ್ಲೆ' ಅಂದರೆ ಮೇಲಕ್ಕೆ. ತುವೊಲಿಲ್ಲ ಅಂದರೆ ಕುರ್ಚಿಯ ಮೇಲೆ. ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕಲಿತಂತೆ, ಯಾಕೆಂದರೆ ಇದೇ ಮೂರು ಇನ್ನೂ ಹಲವು ಕೆಲಸ ಮಾಡುತ್ತವೆ.

ಇರುವುದು, ಇಲ್ಲದಿರುವುದು ಹೇಳಲು: 'ಮಿನುಲ್ಲ ಒನ್ ಔತೊ', ನನ್ನ ಹತ್ತಿರ ಕಾರು ಇದೆ. ಅವರಿಗೂ ನಮ್ಮ ಹಾಗೆ 'ಹೊಂದು' ಎಂಬ ಕ್ರಿಯಾಪದದ ಗೊಡವೆ ಇಲ್ಲ. ಇಂಗ್ಲಿಷ್ ಮೂಲಕ ಕಲಿಯುವವರು ಇದಕ್ಕೆ ಒಂದು ವಾರ ತಲೆ ಕೆಡಿಸಿಕೊಳ್ಳುತ್ತಾರೆ. ನೀವು ಕೆಡಿಸಿಕೊಳ್ಳಬೇಕಾಗಿಲ್ಲ.

ಪ್ರಯಾಣಕ್ಕೆ: 'ಬುಸ್ಸಿಲ್ಲ' ಅಂದರೆ ಬಸ್ಸಿನಲ್ಲಿ (ಬಸ್ಸು ಹಿಡಿದು). ಬಸ್ಸಿಲ್ಲ ಎಂದು ಕೇಳಿಸಿ ಗಾಬರಿಯಾಗಬೇಡಿ, ಬಸ್ಸು ಇದೆ! ಆದರೆ 'ಬಸ್ಸಿನೊಳಗೆ ಕೂತಿದ್ದೇನೆ' ಅನ್ನಲು 'ಬುಸ್ಸಿಸ್ಸ'. ಕನ್ನಡದ ಒಂದೇ 'ಬಸ್ಸಿನಲ್ಲಿ' ಅಲ್ಲಿ ಎರಡಾಗಿ ಒಡೆಯುತ್ತದೆ.

ಜನರಿಗೆ: ನಮ್ಮಲ್ಲಿ ಊರಿಗೂ 'ಗೆ', ಮಗುವಿಗೂ 'ಗೆ'. ಅಲ್ಲಿ ಊರಿಗೆ ಸಾಮಾನ್ಯವಾಗಿ ಹಂತ 4ರ ರೂಪ, ಮನುಷ್ಯರಿಗೆ ಕೊಡುವಾಗ 'ಲ್ಲೆ': ಲಪ್ಸೆಲ್ಲೆ (ಮಗುವಿಗೆ). ಕನ್ನಡದವರು ಪದೇ ಪದೇ ಎಡವುವ ಜಾಗ ಇದು.

ಊರಿನ ಹೆಸರುಗಳಲ್ಲೂ ಒಂದು ಕೀಟಲೆ ಇದೆ. ಹೆಲ್ಸಿಂಕಿ, ಎಸ್ಪೋ, ತುರ್ಕು ಇವಕ್ಕೆ 'ಸ್ಸ' ಗುಂಪು. ತಂಪೆರೆ, ವಂತಾ ಇವಕ್ಕೆ 'ಲ್ಲ' ಗುಂಪು: ತಂಪೆರೇಲ್ಲ, ವಂತಾಲ್ಲ. ಕಾರಣ ಹುಡುಕುತ್ತಾ ಕೂರಬೇಡಿ. ನೀವು ಓಡಾಡುವ ಐದಾರು ಊರು ಯಾವ ಗುಂಪಿನವು ಎಂದು ನೋಡಿ ಬರೆದುಕೊಂಡರೆ ಆಯಿತು.

## ಹಂತ 6: ಪಾರ್ಟಿಟಿವ್, ಇಲ್ಲಿ ನಿಧಾನ

ಹೆಚ್ಚಿನವರು ಕೈಬಿಡುವುದು ಇಲ್ಲೇ. ರೂಪ ಅಷ್ಟು ಕಷ್ಟವಿಲ್ಲ. ಹ್ರಸ್ವ ಸ್ವರಕ್ಕೆ 'ಅ': ಔತೊ, ಔತೊಅ. ದೀರ್ಘ ಸ್ವರಕ್ಕೆ, ವ್ಯಂಜನಕ್ಕೆ 'ತ': ಮಾತ, ನೈಸ್ತ. 'ಎ' ಪದಗಳಿಗೆ 'ತ್ತ': ಹುವೊನೆತ್ತ. ಯಾವಾಗ ಬಳಸುವುದು ಅನ್ನುವುದೇ ಗೊಂದಲ. ಒಂದೊಂದಾಗಿ ತೆಗೆದುಕೊಳ್ಳಿ. ಒಂದು ಬಳಕೆ ಬಾಯಿಗೆ ಬರುವ ತನಕ ಮುಂದಿನದಕ್ಕೆ ಹೋಗಬೇಡಿ.

ಮೊದಲು ಸಂಖ್ಯೆ. ಒಂದು ಬಿಟ್ಟು ಉಳಿದ ಸಂಖ್ಯೆಗಳ ನಂತರ ಪಾರ್ಟಿಟಿವ್, ಅದೂ ಏಕವಚನದಲ್ಲಿ. 'ಕಕ್ಸಿ ಕಹ್ವಿಯ', ಎರಡು ಕಾಫಿ. ನಾವೂ ಎರಡು ಕಾಫಿ, ಮೂರು ಮನೆ ಅನ್ನುತ್ತೇವೆ, ಕಾಫಿಗಳು ಅನ್ನುವುದಿಲ್ಲ, ಅಲ್ವಾ? ಫಿನ್ನಿಶ್‌ನಲ್ಲಿ ಇದು ಮನುಷ್ಯರಿಗೂ ಅನ್ವಯ: 'ಕಕ್ಸಿ ಲಸ್ತ', ಇಬ್ಬರು ಮಕ್ಕಳು.

ಎರಡನೆಯದು ಇಲ್ಲ ಎನ್ನುವಾಗ. 'ಮಿನುಲ್ಲ ಎಯ್ ಒಲೆ ಔತೊಅ', ನನ್ನ ಹತ್ತಿರ ಕಾರು ಇಲ್ಲ. ಇದ್ದರೆ ಔತೊ, ಇಲ್ಲದಿದ್ದರೆ ಔತೊಅ.

ಮೂರನೆಯದು ಲೆಕ್ಕವಿಲ್ಲದ ವಸ್ತು. 'ಒಸ್ತನ್ ಮೈತೊಅ', ಹಾಲು ಕೊಳ್ಳುತ್ತೇನೆ, ಎಷ್ಟೋ ಒಂದಷ್ಟು. 'ಒಸ್ತನ್ ಮೈದೊನ್' ಅಂದರೆ ಇಂಥದ್ದೇ ಒಂದು ಪ್ಯಾಕೆಟ್ಟು.

ನಾಲ್ಕನೆಯದು ಕೆಲಸ ಮುಗಿಯಿತೋ ಇಲ್ಲವೋ ಎಂಬುದು. 'ಲುವೆನ್ ಕಿರ್ಯಾ' ಅಂದರೆ ಪುಸ್ತಕ ಓದ್ತಾ ಇದ್ದೇನೆ. 'ಲುವೆನ್ ಕಿರ್ಯನ್' ಅಂದರೆ ಪುಸ್ತಕ ಓದಿ ಮುಗಿಸುತ್ತೇನೆ. ಎರಡರಲ್ಲೂ ಕ್ರಿಯಾಪದ ಒಂದೇ, ನೋಡಿ. ನಾವು 'ಓದ್ತಾ ಇದ್ದೇನೆ', 'ಓದಿ ಮುಗಿಸುತ್ತೇನೆ' ಎಂದು ಕ್ರಿಯಾಪದಕ್ಕೆ ಹೊರಿಸುವ ಭಾರವನ್ನು ಅವರು ಪುಸ್ತಕದ ಬಾಲಕ್ಕೆ ಕಟ್ಟಿದ್ದಾರೆ. ಇದು ತಲೆಗೆ ಇಳಿಯಲು ಟೈಮ್ ಬೇಕು. ಒಂದೇ ಕೂರುವಿಕೆಗೆ ಆಗುವುದಲ್ಲ.

ಐದನೆಯದು ಕೆಲವು ಕ್ರಿಯಾಪದಗಳ ಹಟ. ಪ್ರೀತಿಸು, ಕಾಯು, ಒಂದು ಭಾಷೆ ಮಾತಾಡು, ಸಹಾಯ ಮಾಡು ಇವಕ್ಕೆ ಪಾರ್ಟಿಟಿವ್ ಬೇಕು. 'ಒದೊತನ್ ಬುಸ್ಸಿಯ', ಬಸ್ಸಿಗೆ ಕಾಯುತ್ತಿದ್ದೇನೆ. ಬಸ್ಸಿಗೆ ಎಂದು 'ಬುಸ್ಸೀನ್' ಹಾಕಿದರೆ ತಪ್ಪು.

ದಾರಿ ತಪ್ಪಿದ್ದರ ಸೂಚನೆ ಒಂದಿದೆ. ನೀವು ಪಾರ್ಟಿಟಿವ್ ಅಂದರೆ ಕನ್ನಡದ 'ಅನ್ನು' ಎಂದುಕೊಂಡಿದ್ದರೆ ನಿಲ್ಲಿಸಿ, ಹಿಂದೆ ಬನ್ನಿ. 'ಕಾರನ್ನು ಕೊಳ್ಳುತ್ತೇನೆ' ಅನ್ನುವುದು 'ಒಸ್ತನ್ ಔತೊನ್': ಕಾರು ಇಡಿಯಾಗಿ ಬರುತ್ತದೆ, ಹಾಗಾಗಿ ಇನ ರೂಪದ ಹಾಗೆ ಕಾಣುವ ನ್. 'ಕೊಳ್ಳುವುದಿಲ್ಲ' ಎಂದ ಕೂಡಲೇ ಔತೊಅ.

## ಹಂತ 7: ಗುಣವಾಚಕಕ್ಕೂ ಬಾಲ

ಕನ್ನಡದಲ್ಲಿ 'ದೊಡ್ಡ ಮನೆಯಲ್ಲಿ' ಅಂದರೆ ಮನೆಗೆ ಮಾತ್ರ ಪ್ರತ್ಯಯ, ದೊಡ್ಡ ಹಾಗೇ ಇರುತ್ತದೆ. ಫಿನ್ನಿಶ್‌ನಲ್ಲಿ 'ಇಸೊಸ್ಸ ತಲೊಸ್ಸ'. 'ಈ' ಸೇರಿಸಿದರೆ ಅದಕ್ಕೂ ಬರುತ್ತದೆ: 'ತ್ಯಾಸ್ಸ್ಯಾ ಇಸೊಸ್ಸ ತಲೊಸ್ಸ', ಈ ದೊಡ್ಡ ಮನೆಯಲ್ಲಿ. ಗುಣವಾಚಕ ಸಹ ತನ್ನ ಇನ ರೂಪದ ದಾರಿಯಲ್ಲೇ ಹೋಗುತ್ತದೆ: ಊಸಿ (ಹೊಸ), ಊದೆನ್, ಊದೆಸ್ಸ.

ನಮ್ಮವರು ವರ್ಷಗಟ್ಟಲೆ ಬಿಡದ ತಪ್ಪು 'ಇಸೊ ತಲೊಸ್ಸ'. ಅರ್ಥ ಆಗುತ್ತದೆ, ಹಾಗಾಗಿ ಯಾರೂ ತಿದ್ದುವುದಿಲ್ಲ. ಈ ಹಂತದಲ್ಲಿ ಹೊಸ ನಾಮಪದ ಕಲಿಯುವುದು ನಿಲ್ಲಿಸಿ, ಹಳೆಯದಕ್ಕೆಲ್ಲ ಒಂದು 'ದೊಡ್ಡ', ಒಂದು 'ಹೊಸ' ಹಚ್ಚಿ ಜೋರಾಗಿ ಹೇಳಿ.

## ಹಂತ 8: ದಿಕ್ಕು ತಪ್ಪಿಸುವ ಕ್ರಿಯಾಪದಗಳು

ಒಮ್ಮೆ ಬಸ್ಸಿನಲ್ಲಿ ಫೋನ್ ಬಿಟ್ಟು ಬಂದೆ. ಕಳೆದ ವಸ್ತುಗಳ ಕೌಂಟರಿನಲ್ಲಿ ನಿಂತು, ಎಲ್ಲ ನಿಯಮ ನೆನಪಿಸಿಕೊಂಡು, 'ಉನೊಹ್ದಿನ್ ಪುಹೆಲಿಮೆನ್ ಬುಸ್ಸಿಸ್ಸ' ಎಂದೆ. ಬಸ್ಸಿನಲ್ಲಿ ಮರೆತೆ, ಸರಿ ತಾನೆ? ಕೌಂಟರಿನಾಕೆ ಬರೆದುಕೊಳ್ಳುತ್ತಾ ಮೆಲ್ಲಗೆ 'ಬುಸ್ಸೀನ್' ಎಂದಳು. ಅವರ ಲೆಕ್ಕದಲ್ಲಿ ಮರೆತ ವಸ್ತು ಬಸ್ಸಿನೊಳಕ್ಕೆ ಹೋಗಿ ಉಳಿಯುತ್ತದೆ. ಹಾಗಾಗಿ 'ಒಳಗೆ ಹೋಗುವ' ರೂಪ.

ಇಂಥವು ಒಂದು ಹತ್ತಿಪ್ಪತ್ತು ಇವೆ, ಒಂದೇ ಪುಟದಲ್ಲಿ ಬರೆದಿಡಿ. ಮರೆ, ಬಿಡು, ಉಳಿ ಇವಕ್ಕೆಲ್ಲ 'ಗೆ' ದಿಕ್ಕು: ಮನೆಯಲ್ಲಿ ಉಳಿಯುತ್ತೇನೆ ಅನ್ನಲು ಕೊತೊನ ಅಲ್ಲ, ಕೊತೀನ್. ಕೊಳ್ಳು, ಹುಡುಕಿ ತೆಗೆ ಇವಕ್ಕೆ 'ಇಂದ' ದಿಕ್ಕು: ಅಂಗಡಿಯಲ್ಲಿ ಹಾಲು ಕೊಂಡೆ ಅನ್ನಲು ಕೌಪಸ್ಸ ಅಲ್ಲ, ಕೌಪಸ್ತ. ಇಷ್ಟಪಡುವುದಕ್ಕೂ 'ಇಂದ': 'ಪಿದ್ಯಾನ್ ಕಹ್ವಿಸ್ತ', ಕಾಫಿ ಇಷ್ಟ. ತರ್ಕ ಮಾಡುತ್ತಾ ಕೂರುವ ಬದಲು ಕ್ರಿಯಾಪದವನ್ನು ಅದರ ವಿಭಕ್ತಿಯ ಜೊತೆಗೇ, ಒಂದೇ ತುಣುಕಾಗಿ ಕಲಿಯಿರಿ.

## ಹಂತ 9: ಈಗ ಉಳಿದವು, ಅವೂ ಎಲ್ಲ ಅಲ್ಲ

'ನ' ಮತ್ತು 'ಕ್ಸಿ' ಎರಡೂ ನಮ್ಮ 'ಆಗು'ವಿನ ಹತ್ತಿರದವು. ಒಪೆತ್ತಯನ ಅಂದರೆ ಟೀಚರ್ ಆಗಿ (ಇದ್ದು), ಒಪೆತ್ತಯಕ್ಸಿ ಅಂದರೆ ಟೀಚರ್ ಆಗಲು. ವಾರದ ದಿನಗಳಿಗೂ 'ನ': ಮಾನಂತೈನ, ಸೋಮವಾರ. 'ಮಿತ್ಯಾ ತ್ಯಾಮ್ಯಾ ಒನ್ ಸುವೊಮೆಕ್ಸಿ?' (ಇದಕ್ಕೆ ಫಿನ್ನಿಶ್‌ನಲ್ಲಿ ಏನಂತಾರೆ?) ಎಂಬ ವಾಕ್ಯವನ್ನು ಮಾತ್ರ ಮೊದಲ ದಿನವೇ ಕಲಿತಿಡಿ, ವ್ಯಾಕರಣ ಆಮೇಲೆ.

ಪಟ್ಟಿಯ ಕೊನೆಯ ಮೂರು ವಿಭಕ್ತಿ ಸದ್ಯಕ್ಕೆ ಬೇಡ. 'ಹಾಲಿಲ್ಲದೆ' ಅನ್ನಲು ಒಂದು ವಿಭಕ್ತಿ ಇದೆ ನಿಜ, ಆದರೆ ಮಾತಿನಲ್ಲಿ ಜನ 'ಇಲ್ಮನ್ ಮೈತೊಅ' ಅನ್ನುತ್ತಾರೆ. 'ಜೊತೆಗೆ' ಅನ್ನಲೂ ವಿಭಕ್ತಿ ಇದೆ, ಮಾತಿನಲ್ಲಿ 'ಕನ್ಸ್ಸ' ಸಾಕು. ಬಹುವಚನವನ್ನೂ ಏಕವಚನ ಗಟ್ಟಿಯಾದ ಮೇಲೆ ಹಿಡಿಯಿರಿ. ಅದರ ಪಾರ್ಟಿಟಿವ್ ಬೇರೆಯದೇ ಗುಡ್ಡ.

## ಹಿಂದೆ ಹೋಗಬೇಕು ಎನ್ನುವ ಸೂಚನೆಗಳು

ಬರೆಯುವಾಗ ಪ್ರತ್ಯಯ ಸರಿ, ಪದದ ನಡು ತಪ್ಪು (ಕೌಪ್ಪಸ್ಸ, ಹೆಲ್ಸಿಂಕಿಸ್ಸ್ಯಾ): ಹಂತ 2ಕ್ಕೆ ವಾಪಸ್. ನೋಟ್‌ಬುಕ್ಕಿನ ಎರಡನೇ ಕಾಲಂ ಖಾಲಿ ಬಿಟ್ಟಿರುತ್ತೀರಿ.

ವಿಭಕ್ತಿಯ ಹೆಸರು ಥಟ್ಟನೆ ಬರುತ್ತದೆ, ವಾಕ್ಯ ಬರುವುದಿಲ್ಲ: ಹೆಸರು ಕಲಿಯುವುದು ನಿಲ್ಲಿಸಿ. ಪ್ರತಿ ರೂಪಕ್ಕೂ ನಿಮ್ಮದೇ ದಿನಚರಿಯ ಒಂದು ವಾಕ್ಯ ಕಟ್ಟಿ: ಎಲ್ಲಿದ್ದೀರಿ, ಎಲ್ಲಿಂದ ಬಂದಿರಿ, ಯಾವ ಬಸ್ಸಿಗೆ ಕಾಯುತ್ತಿದ್ದೀರಿ.

ಓದಿದರೆ ಅರ್ಥವಾಗುತ್ತದೆ, ಬೀದಿಯಲ್ಲಿ ಕೇಳಿದರೆ ಒಂದೂ ತಿಳಿಯುವುದಿಲ್ಲ: ಇದು ನಿಮ್ಮ ತಪ್ಪಲ್ಲ. ಹೆಲ್ಸಿಂಕಿಯ ಕಡೆ ಮಾತಿನಲ್ಲಿ ಬಾಲ ಕತ್ತರಿಸುತ್ತಾರೆ. ಕೌಪಸ್ಸ ಹೋಗಿ 'ಕೌಪಸ್', ಕೌಪಸ್ತ ಹೋಗಿ 'ಕೌಪಸ್ತ್', ಮಿನುಲ್ಲ ಹೋಗಿ 'ಮುಲ್ಲ'. ನಾವು 'ಮನೆಯಲ್ಲಿ' ಎಂದು ಬರೆದು 'ಮನೇಲಿ' ಅನ್ನುವ ಹಾಗೆ. ಮೊದಲು ಅಲ್ಲಿನ ರೇಡಿಯೋ ಟೀವಿ ಸಂಸ್ಥೆ ಯೂಲೆಯ ಸರಳ ಫಿನ್ನಿಶ್ ಸುದ್ದಿ ಕೇಳಿ. ಅಲ್ಲಿ ಬಾಲ ಪೂರ್ತಿ ಇರುತ್ತದೆ, ನಿಧಾನವಾಗಿ ಓದುತ್ತಾರೆ. ಕತ್ತರಿಸಿದ ರೂಪ ಕೇಳಿದಾಗ ಪೂರ್ತಿ ರೂಪ ಮನಸ್ಸಿನಲ್ಲಿ ಮೂಡಲು ಶುರುವಾದ ಮೇಲೆ, ನೀವೂ 'ಮುಲ್ಲ' ಅನ್ನಬಹುದು.